ಲಾಳಿ ಓಡದ ಬೆರಳಗಲ

ಆಷಾಢ ಕಳೆಯಲು ಇನ್ನೊಂದು ವಾರವಿತ್ತು. ಮಧ್ಯಾಹ್ನದ ಊಟವಾಗಿ, ಬಿಸಿಲು ಮೋಡದೊಳಗೆ ಸೇರಿ, ಇಲಕಲ್ಲಿನ ಗಾಳಿ ಓಣಿಯ ಧೂಳನ್ನೆಲ್ಲ ಎತ್ತಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹಂಚುತ್ತಿದ್ದ ಹೊತ್ತು. ಶಂಕರಲಿಂಗಪ್ಪ ಪಡಸಾಲೆಯಲ್ಲಿ ಸಾಗವಾನಿ ಹಲಗೆಯ ಮೇಲೆ ಅಂಗಾತ ಮಲಗಿ ತೊಲೆಗಳನ್ನು ನೋಡುತ್ತಿದ್ದ. ಈ ಹಲಗೆಗೆ ಆ ಮನೆಯಲ್ಲಿ ಒಂದು ಮರ್ಯಾದೆಯಿತ್ತು. ಅವನ ಅಜ್ಜ ಮಗ್ಗದಿಂದ ಎದ್ದು ಬಂದು ಇದರ ಮೇಲೆಯೇ ಬೆನ್ನು ಚಾಚಿದ್ದ, ಅಪ್ಪ ಚಾಚಿದ್ದ, ಅಪ್ಪ ಹೋದ ಮೇಲೆ ಹಿರಿಯ ಮಗನೆಂದು ಇವನ ಪಾಲಿಗೆ ಬಂತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಮುಂದಕ್ಕೆ ಬಾಗಿ, ದಿನಕ್ಕೆ ಎಷ್ಟು ಸಾವಿರ ಸಲವೋ ಲಾಳಿ ಎಸೆಯುವವರ ಟೊಂಕ ನಲವತ್ತು ದಾಟುವುದರೊಳಗೆ ಹಿಡಿಯುತ್ತದೆ. ಹಿಡಿಯದಿದ್ದರೆ ಅವನು ನೇಕಾರನೇ ಅಲ್ಲ ಎಂದು ಅಪ್ಪ ಅನ್ನುತ್ತಿದ್ದ. ಇವನಿಗೆ ಮೂವತ್ತೆಂಟಕ್ಕೇ ಹಿಡಿದಾಗ ನೋವಿನ ಜೊತೆಗೆ ಒಳಗೊಳಗೆ ಒಂದು ಹಿಗ್ಗೂ ಆಗಿತ್ತು, ಮನೆತನದ ಮುದ್ರೆ ಬಿದ್ದಂತೆ. ಅಂದಿನಿಂದ ಮಧ್ಯಾಹ್ನ ಒಂದು ತಾಸು ಹಲಗೆ ಅವನದು, ಟೊಂಕದ ಕೆಳಗೆ ಬಿಸಿ ಉಪ್ಪಿನ ಗಂಟು ಹೆಂಡತಿ ಗುರುಲಿಂಗವ್ವನದು. ಆ ಒಂದು ತಾಸು ಮನೆಯಲ್ಲಿ ಯಾರೂ ಗಟ್ಟಿ ಮಾತಾಡುವಂತಿಲ್ಲ.

ಗುರುಲಿಂಗವ್ವ ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರ ಕಾಲಿಗೆ ಟೊಂಕ ಬಿಡಿಸುವ ಗುಣ ಇರುತ್ತದೆಂದು ಊರವರ ನಂಬಿಕೆ. ರವಿವಾರ ಮತ್ತು ಗುರುವಾರ ಹೊತ್ತು ಹುಟ್ಟುವಾಗ ಟೊಂಕ ಹಿಡಿದ ಗಂಡಸರು ಬಂದು ಕಟ್ಟೆಯ ಮೇಲೆ ಬೋರಲು ಮಲಗುವರು. ಅವಳು ಎಡಗಾಲಿನ ಹಿಮ್ಮಡಿ ಮೂರು ಸಲ ಒತ್ತಿ, ಹಿರಿಯರಿಗೆ ಕಾಲು ತಾಗಿಸಿದ್ದಕ್ಕೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋಗುವಳು. ಗಂಡನ ಟೊಂಕವನ್ನು ಮಾತ್ರ ಅವಳು ಒಮ್ಮೆಯೂ ತುಳಿದಿಲ್ಲ. ಮದುವೆಯಾದ ವಾರದಲ್ಲೇ ಅತ್ತೆ ಹೇಳಿದ್ದಳು, ಊರಿಗೆಲ್ಲಾ ತುಳಿ, ಕಟ್ಟಿಕೊಂಡವನಿಗೆ ಕಾಲು ತಾಗಿಸಬೇಡ ಎಂದು. ಅದಕ್ಕಾಗಿ ಶಂಕರಲಿಂಗಪ್ಪ ವರ್ಷಕ್ಕೆ ನಾಲ್ಕು ಸಲ ಬಸ್ಸು ಹತ್ತಿ ಹುನಗುಂದಕ್ಕೆ, ಹಾಗೆಯೇ ಕಾಲು ಮುಂದಾಗಿ ಹುಟ್ಟಿದ ಅಲ್ಲಿನ ಯಾಕೂಬಸಾಬನ ಕಾಲಿಗೆ ಹೋಗುತ್ತಿದ್ದ. ಪಕ್ಕದ ಮಗ್ಗದ ಬಸಯ್ಯ ಇದಕ್ಕೇ ನಗುತ್ತಿದ್ದ: "ಮನ್ಯಾಗ ಬಾವಿ ಇಟ್ಕೊಂಡು ಹುನಗುಂದಕ್ಕ ನೀರಿಗೆ ಹೋಗ್ತಾನಲೇ ನಮ್ಮ ಶಂಕರಲಿಂಗ."

ಆ ಮಧ್ಯಾಹ್ನ ಬಾಗಿಲಲ್ಲಿ ಬಂದು ನಿಂತವಳು ತಬಸುಮ ಎಂಬ ಹುಡುಗಿ, ಹುನಗುಂದದ ಕಡೆಯವಳು. ಕೊರಳಲ್ಲಿ ಗುರುತಿನ ಚೀಟಿ, ಬಗಲಲ್ಲಿ ಹಾಳೆಗಳ ಕಟ್ಟು. ಟೊಂಕದ ಬೇನೆ ಗಂಡಸರಿಗೆ ಎಷ್ಟು, ಹೆಂಗಸರಿಗೆ ಎಷ್ಟು, ಮನೆತನದಲ್ಲಿ ಮೊದಲಿಂದ ಇದೆಯೋ ಹೇಗೆ ಎಂದು ಬಾಗಲಕೋಟೆಯ ಡಾಕ್ಟರರೊಬ್ಬರು ಬರೆಸಿಕೊಳ್ಳುತ್ತಿದ್ದಾರೆ, ಓಣಿ ಓಣಿ ತಿರುಗಿ ಕೇಳುವುದು ತನ್ನ ಕೆಲಸ ಅಂದಳು. ಶಂಕರಲಿಂಗಪ್ಪನಿಗೆ ಜೀವಮಾನದಲ್ಲಿ ಮೊದಲ ಸಲ ತನಗೆ ಗೊತ್ತಿದ್ದ ವಿಷಯವನ್ನೇ ಯಾರೋ ಪರೀಕ್ಷೆಯಲ್ಲಿ ಕೇಳಿದಂತಾಯಿತು. ಎದ್ದು ಕುಳಿತ. ಅಜ್ಜನಿಂದ ಹಿಡಿದು ಹೇಳಿದ. ಹಲಗೆ ತೋರಿಸಿದ. ವರ್ಷದಲ್ಲಿ ಎಷ್ಟು ದಿನ ಕೆಲಸ ನಿಲ್ಲುತ್ತದೆ ಎಂದು ಅವಳು ಕೇಳಿದಾಗ, ಎಲ್ಲ ಕೂಡಿಸಿದರೆ ಎರಡು ತಿಂಗಳು ಎಂದು ಸ್ವಲ್ಪ ಹೆಚ್ಚೇ ಹೇಳಿದ.

"ಮನ್ಯಾಗ ಹೆಣ್ಣಮಕ್ಕಳಿಗೆ ಐತೇನ್ರಿ ಕಾಕಾರ?"

"ಇಲ್ಲವಾ ತಂಗಿ. ನಮ್ಮ ಮನಿ ಹೆಣ್ಣಮಕ್ಕಳು ಗಟ್ಟಿ. ಬರಕೋ ಹಂಗ."

ಹುಡುಗಿ ಬರೆದುಕೊಂಡಳು. ಆಮೇಲೆ, ಕಾಕೂನ ಬೇರೆಯಾಗಿ ಕೇಳಬೇಕು, ಹಾಗೆಂದು ಹೇಳಿ ಕಳಿಸಿದ್ದಾರೆ ಅಂದಳು. "ಕೇಳು ಕೇಳು, ಆಕೀದೇನ ಐತಿ, ಎರಡ ಮಾತಿನ್ಯಾಗ ಮುಗೀತೈತಿ" ಎಂದು ನಕ್ಕು ಶಂಕರಲಿಂಗಪ್ಪ ಮಗ್ಗದ ಕುಣಿಗೆ ಇಳಿದ. ಹೆಂಗಸರಿಬ್ಬರೂ ಹಿತ್ತಲಿಗೆ ಹೋದರು. ಮಗ್ಗದ ಪಕ್ಕದ ಗೋಡೆಯಲ್ಲಿ ಒಂದು ಗವಾಕ್ಷಿಯಿತ್ತು. ಅದರಾಚೆಗೇ ಹಿತ್ತಲ ಕಟ್ಟೆ.

ಅವನು ಕೇಳಬೇಕೆಂದು ಕೂತವನಲ್ಲ. ನಾಲ್ಕು ಎಳೆ ಹೊಡೆದ. ಲಾಳಿ ಆಚೆಗೆ ಹೋಗಿ ಈಚೆಗೆ ಬರುವ ಸದ್ದಿನ ನಡುವೆ ಗುರುಲಿಂಗವ್ವನ ದನಿ ತುಂಡು ತುಂಡಾಗಿ ಬಂತು. "...ಮೂವತ್ತೆಂಟ ವರ್ಷಾತವಾ. ಮಗಳು ದಾನೇಶ್ವರಿ ಹುಟ್ಟಿದಾಗಿಂದ." ಅವನ ಕೈ ನಿಂತಿತು. ಏನು ಮೂವತ್ತೆಂಟು ವರ್ಷ? ಕೈ ನಿಂತ ಕೂಡಲೇ ಹಿತ್ತಲಲ್ಲೂ ಮಾತು ನಿಂತಿತು. ಮಗ್ಗದ ಸದ್ದು ನಿಂತರೆ ಮಗ್ಗದವನ ಕಿವಿ ತೆರೆಯಿತೆಂದು ಆ ಓಣಿಯ ಯಾವ ಹೆಂಗಸಿಗೆ ಗೊತ್ತಿಲ್ಲ? ಆಗ ಅವನು ಅರವತ್ತೇಳು ವರ್ಷದಲ್ಲಿ ಎಂದೂ ಮಾಡದ್ದನ್ನು ಮಾಡಿದ. ಲಾಳಿ ಎಸೆಯಲಿಲ್ಲ. ಬರಿಗಾಲಲ್ಲಿ ಕುಣಿಯೊಳಗಿನ ಕಾಲುಮಣೆ ತುಳಿಯುತ್ತ, ಎಳೆಯಿಲ್ಲದೆ, ನೂಲನ್ನು ಒತ್ತಿ ಕೂರಿಸುವ ಫಣಿಯನ್ನು ಬರಿದೇ ಬಡಿಯುತ್ತ ಕೂತ. ಟಕ್, ಟಕ್, ಟಕ್. ನೇಯುವ ಸದ್ದು ಓಣಿಗೆಲ್ಲ ಕೇಳುತ್ತಿತ್ತು. ನೇಯ್ಗೆ ಇರಲಿಲ್ಲ.

"ಯಾರಿಗರೆ ಹೇಳಿದ್ರೇನ್ರಿ?" "ಒಮ್ಮೆ ಹೇಳಿದ್ದೆ." "ಕೆಲಸ ಎಷ್ಟು ದಿನ ನಿಂತೈತ್ರಿ?" ಗುರುಲಿಂಗವ್ವನ ನಗು. "ಒಂದಿನಾನೂ ನಿಂತಿಲ್ಲವಾ. ಕೆಲಸ ನಿಂತಿಲ್ಲಂದ್ರ ಅದು ಬ್ಯಾನಿ ಅಲ್ಲ ಅಂತ ಬರಕೋ." ಹುಡುಗಿ ನಗಲಿಲ್ಲ. ತಾಯಿಗೆ ಇತ್ತೇ ಎಂದು ಕೇಳಿದಳು. "ನಮ್ಮವ್ವಗಿತ್ತು, ನಮ್ಮಕ್ಕ ನೀಲಗಂಗವ್ವಗೈತಿ, ಈಗ ಬಾಗಲಕೋಟ್ಯಾಗ ಮಗಳಿಗೂ ಸುರು ಆಗೈತಿ, ನಾ ಬ್ಯಾರೆ ಏನ ಕೊಟ್ಟೇನಿ ಆಕೀಗೆ, ಇದೊಂದು ಕೊಟ್ಟೇನಿ." "ನಿಮ್ಮ ಕಡೆ ಟೊಂಕ ತುಳಿಸಿಕೊಳ್ಳಾಕ ಗಂಡಸರ ಭಾಳ ಬರ್ತಾರಂತಲ್ರಿ?" "ತಿಂಗಳಿಗೆ ಇಬ್ಬರು ಮೂವರು." "ಹೆಂಗಸರು?" "ದಿನಾ. ಅವರು ಹಲಗಿ ಮ್ಯಾಲ ಮಲಗಿದಾಗ ಹಿತ್ತಲ ಬಾಗಲಕ್ಕ ಬರ್ತಾರ. ಈ ಕಾಸಿಂಬಿ ನಿನ್ನೆ ಬಂದಿದ್ಲು. ಬಸಯ್ಯನ ಹೆಂಡ್ತಿ ಎಂಟ ದಿನಕ್ಕೊಮ್ಮೆ." ಟಕ್, ಟಕ್. ಬಸಯ್ಯನ ಹೆಂಡತಿಯೇ! "ಹಂಗಾರ ನಿಮಗ ಯಾರು ತುಳೀತಾರ್ರಿ ಕಾಕೂ?"

ಗವಾಕ್ಷಿಯಿಂದ ಧೂಳಿನ ಗಾಳಿ ಬಂದು ಅವನ ಬೆವರಿಗೆ ಅಂಟಿತು. ತಮ್ಮ ಕಾಲು ತಮ್ಮ ಟೊಂಕಕ್ಕೆ ಮುಟ್ಟುವುದಿಲ್ಲ, ಗಂಡಸರ ಕಾಲು ಹೆಂಗಸರಿಗೆ ಸಲ್ಲದು, ಅಂದಳು ಗುರುಲಿಂಗವ್ವ. ಚೊಳಚಗುಡ್ಡದಲ್ಲಿ ಅಕ್ಕ ಇದ್ದಾಳೆ, ಅವಳೂ ಕಾಲು ಮುಂದಾಗಿ ಹುಟ್ಟಿದವಳೇ, ಅವ್ವನ ಹೊಟ್ಟೆಯಲ್ಲಿ ಇಬ್ಬರೂ ಒಂದೇ ದಾರಿ ಹಿಡಿದಿದ್ದೆವು. ಅಕ್ಕ ತುಳಿದರೆ ಆರು ತಿಂಗಳು ಹಗುರ. ಹೋಗಿ ಹನ್ನೊಂದು ವರ್ಷವಾಯಿತು. "ಹೋಗಬಾರದೇನ್ರಿ?" "ಲಾಳಿಗೆ ನೂಲಿನ ಕಂಡಿಕಿ ಯಾರು ಸುತ್ತಬೇಕವಾ? ಈ ಸೀರಿ ಮುಗೀಲಿ ಅಂತೇನಿ. ಒಂದು ಮುಗಿಯೂದ್ರಾಗ ಇನ್ನೊಂದು ಮಗ್ಗಕ್ಕ ಏರ್ತೈತಿ. ಅಕ್ಕಗ ಎಪ್ಪತ್ತನಾಕು. ಆಕೀ ಕಾಲಾಗ ಬಲ ಇರೂತನಕ ಒಮ್ಮೆ ಹೋಗಬೇಕು, ನೋಡಬೇಕು."

ಒಮ್ಮೆ ಹೇಳಿದ್ದೆ, ಅಂದಳು. ಯಾವಾಗ? ಶಂಕರಲಿಂಗಪ್ಪ ಬರಿದೇ ಫಣಿ ಬಡಿಯುತ್ತ ಮೂವತ್ತೆಂಟು ವರ್ಷದ ಎಳೆಗಳನ್ನು ಒಂದೊಂದಾಗಿ ಸರಿಸಿ ನೋಡಿದ. ಹಾಗೆ ಹೇಳಿದ್ದು ನೆನಪಿಲ್ಲ ಎಂದು ಮೊದಲು ಅನ್ನಿಸಿತು, ಹಾಗೆ ಅನ್ನಿಸಿದ್ದೇ ಸಮಾಧಾನ ಕೊಟ್ಟಿತು. ಆದರೆ ನೆನಪು ಅವನಿಗೆ ಕೈಕೊಡುವ ಜಾತಿಯದಲ್ಲ. ಅದೇ ಪಡಸಾಲೆ, ದಾನೇಶ್ವರಿಯನ್ನು ತೊಟ್ಟಿಲಿಗೆ ಹಾಕಿ ತಿಂಗಳಾಗಿರಬೇಕು, ನಾಲ್ಕು ಜನ ಗಂಡಸರು ಚಹಾ ಕುಡಿಯುತ್ತ ಕೂತಿದ್ದರು. ಗುರುಲಿಂಗವ್ವ ಬಸಿ ಇಟ್ಟು ಏಳುವಾಗ ಬಾಗಿಲ ಚೌಕಟ್ಟು ಹಿಡಿದು, ಟೊಂಕ ಭಾಳ ನೋಯ್ತೈತ್ರಿ, ಇವತ್ತು ಕಂಡಿಕಿ ಸುತ್ತಾಕ ಆಗೂದಿಲ್ಲ, ಅಂದಿದ್ದಳು. ಅವನು ಅಂದಿದ್ದ: "ಕುಣ್ಯಾಗ ಕುಂಡ್ರಾಂವ ನಾ, ಟೊಂಕ ನೋಯೂದು ನಿಂದ? ಹಂಗಾರ ನಾ ಉಣ್ತೇನಿ, ನೀ ತೇಗು." ಎಲ್ಲರೂ ನಕ್ಕಿದ್ದರು. ಬಸಯ್ಯನ ಮೂಗಿನಿಂದ ಚಹಾ ಬಂದಿತ್ತು. ಅವಳೂ ನಕ್ಕಿದ್ದಳು, ಹೌದು, ಅವಳು ನಕ್ಕದ್ದೂ ನೆನಪಿದೆ, ಹೋಗಿ ಕಂಡಿಕೆಯನ್ನೂ ಸುತ್ತಿದಳು. ಆ ಮಾತು ಓಣಿಯಲ್ಲಿ ಗಾದೆಯಾಗಿ ಹೋಯಿತು. ಯಾರ ಹೆಂಡತಿ ಏನು ನೋವೆಂದರೂ, ನಾ ಉಣ್ತೇನಿ ನೀ ತೇಗು. ಎಷ್ಟೋ ವರ್ಷ ಅವನೇ ಅದನ್ನು ಮೀಸೆ ತಿರುವುತ್ತ ಮತ್ತೆ ಮತ್ತೆ ಹೇಳಿದ್ದ, ಅದು ತಾನೇ ನೇಯ್ದ ಒಳ್ಳೆಯ ಸೆರಗೆಂಬಂತೆ. ಈಗ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತವನಿಗೆ ಎದುರಿನ ಬಾಗಿಲ ಚೌಕಟ್ಟು ಕಾಣುತ್ತಿತ್ತು. ಅದರ ಎಡಗಡೆ, ಟೊಂಕದ ಎತ್ತರಕ್ಕೆ, ಕಟ್ಟಿಗೆ ಒಂದು ಅಂಗೈಯಗಲ ನುಣುಪಾಗಿ ಹೊಳೆಯುತ್ತಿತ್ತು. ಎಣ್ಣೆ ಹಚ್ಚಿದಂತೆ. ಚಿಕ್ಕವನಿದ್ದಾಗಿನಿಂದಲೂ ಅದು ಹಾಗೆಯೇ. ಅವ್ವ ಅಪ್ಪನ ಟೊಂಕಕ್ಕೆ ಉಪ್ಪಿನ ಗಂಟು ಇಟ್ಟು ಏಳುವಾಗ ಅಲ್ಲಿಯೇ ಕೈ ಊರುತ್ತಿದ್ದಳು. ಕೊನೆಯ ವರ್ಷಗಳಲ್ಲಿ ಕುಡುಗೋಲಿನ ಹಾಗೆ ಬಾಗಿ ನಡೆಯುತ್ತಿದ್ದಳು. ವಯಸ್ಸಾಯಿತು, ಬಾಗಿದಳು ಎಂದಷ್ಟೇ ಮನೆಯವರು ತಿಳಿದದ್ದು. ಅಪ್ಪನಿಗೆ ಬಂದದ್ದು ಬೇನೆ, ಅವ್ವನಿಗೆ ಬಂದದ್ದು ವಯಸ್ಸು.

ತಬಸುಮ ಹಾಳೆ ಮಡಚಿಕೊಂಡು ಹೊರಗೆ ಹೋದದ್ದು ಕೇಳಿಸಿತು. ಶಂಕರಲಿಂಗಪ್ಪ ಕುಣಿಯಿಂದ ಮೇಲೆದ್ದು, ಚಪ್ಪಲಿ ಮೆಟ್ಟದೆ, ಅವಳ ಹಿಂದೆ ಹೋದ. ನಾಲ್ಕು ಮನೆ ಆಚೆ ಕಾಸಿಂಬಿಯ ಕಟ್ಟೆಯ ಮೇಲೆ ಹುಡುಗಿ ಕೂತಿದ್ದಳು, ಸುತ್ತ ಐದಾರು ಹೆಂಗಸರು. ಅಷ್ಟು ಹೆಂಗಸರ ಎದುರು ಏನೂ ಕೇಳದೆ ತಿರುಗಿ ಬರಬಹುದಿತ್ತು. ಆದರೂ ನಿಂತ.

"ತಂಗಿ, ನಂದೊಂದು ಮಾತ ತಪ್ಪಿತು. ಹೆಣ್ಣಮಕ್ಕಳು ಗಟ್ಟಿ ಅಂತ ಬರಿಸಿದ್ನಲ್ಲ, ಅದನ್ನ ಹೊಡದ ಹಾಕಿಬಿಡು."

"ತಿದ್ದಾಕ ಬರೂದಿಲ್ರಿ ಕಾಕಾರ. ನಿಮ್ಮ ಮಾತು ನಿಮ್ಮ ಹಾಳ್ಯಾಗ, ಕಾಕೂನ ಮಾತು ಅವರ ಹಾಳ್ಯಾಗ. ಎರಡೂ ಹಂಗ ಇರಬೇಕು. ಆ ಫರಕ ನೋಡಾಕನ ಬಂದೇವ್ರಿ ನಾವು."

"ಏನ್ ಶಂಕರಲಿಂಗಣ್ಣಾ," ಕಾಸಿಂಬಿ ಸೆರಗು ಬಾಯಿಗೆ ಹಿಡಿದು ಕೇಳಿದಳು, "ಇವತ್ತ ಯಾರು ಉಂಡ್ರು, ಯಾರು ತೇಗಿದ್ರು?"

ಹೆಂಗಸರೆಲ್ಲ ನಕ್ಕರು. ಬಹಳ ದಿನದಿಂದ ತಮ್ಮ ಬಳಿ ಉಳಿದಿದ್ದ ಅವನದೇ ವಸ್ತುವನ್ನು ಹಿಂದಿರುಗಿಸುವವರ ನಗು ಅದು, ಸಿಟ್ಟಿನದಲ್ಲ. ಮನೆಗೆ ಬರುವಾಗ ಅಂಗಾಲಿಗೆ ಒಂದು ಹರಳು ಚುಚ್ಚಿತು. ಬಗ್ಗಿ ತೆಗೆಯಲು ಹೋದರೆ ಟೊಂಕ ಹಿಡಿಯಿತು. ಓಣಿಯ ನಡುವೆ ಒಂಟಿಗಾಲಲ್ಲಿ, ಕೊಕ್ಕರೆಯಂತೆ, ಅರ್ಧ ಬಗ್ಗಿ ನಿಂತು ಅವನು ಯೋಚಿಸಿದ: ಇದೇ ನೋವು ಹೌದಲ್ಲ, ಇಷ್ಟೇ ಇದು. ಹೀಗೇ ಬಗ್ಗಿ ರೊಟ್ಟಿ ಬಡಿದಿದ್ದಾಳಾ ಅವಳು.

ಸಂಜೆ ಮಗಳಿಗೆ ಫೋನು ಹಚ್ಚಿದ. ಯಾವಾಗಲೂ ಹೆಂಡತಿ ಹಚ್ಚಿ, ಕೊನೆಯಲ್ಲಿ ಇವನ ಕೈಗೆ ಕೊಡುವುದು ವಾಡಿಕೆ. "ದಾನೇಶ್ವರಿ, ಟೊಂಕ ಹೆಂಗೈತವಾ ನಿಂದು?" ಆ ಕಡೆಯಿಂದ ಗಾಬರಿಯ ದನಿ: "ಯಾಕಪ್ಪಾ? ಅವ್ವಗ ಏನಾತು?" ಏನೂ ಆಗಿಲ್ಲ, ಸುಮ್ಮನೆ ಕೇಳಿದೆ ಎಂದು ನಂಬಿಸಲು ಅವನಿಗೆ ಸಾಕುಬೇಕಾಯಿತು.

ಗುರುಲಿಂಗವ್ವ ಕಂಡಿಕೆಯ ಬುಟ್ಟಿ ತಂದು ಮಗ್ಗದ ಪಕ್ಕ ಇಟ್ಟಳು. ನೂಲು ಸುತ್ತಿದ ಆ ಸಣ್ಣ ಕೊಳವೆಗಳು ಲಾಳಿಯ ಹೊಟ್ಟೆಗೆ ಹೋಗುವಂಥವು. ಅವಿಲ್ಲದೆ ಒಂದು ಎಳೆಯೂ ಓಡದು. ರೂಢಿಯಂತೆ ಅವಳು ಇವತ್ತೆಷ್ಟು ನೇಯ್ದಿರಿ ಎಂದು ನೋಡಲು ಬಟ್ಟೆಯ ಮೇಲೆ ಬೆರಳಾಡಿಸಿದಳು. ಬೆರಳು ಸರಾಗ ಸರಿಯುತ್ತ ಬಂದು ಒಂದು ಕಡೆ ನಿಂತಿತು. ಹಿಂದೆ ಹೋಯಿತು, ಮತ್ತೆ ಅಲ್ಲಿಯೇ ನಿಂತಿತು. ಅಲ್ಲಿ ಒಂದು ಬೆರಳಗಲದಷ್ಟು ಬಟ್ಟೆ ಒತ್ತಾಗಿ, ದಪ್ಪವಾಗಿ, ಹಗ್ಗದ ಗಾಯದಂತೆ ಅಡ್ಡ ಬಿದ್ದಿತ್ತು. ಎಳೆ ಕೊಡದೆ ಫಣಿ ಬಡಿದರೆ ಹಿಂದಿನ ಎಳೆಗಳೇ ಒಂದರ ಮೇಲೊಂದು ಕೂರುತ್ತವೆ.

"ಇಲ್ಲಿ ಲಾಳಿ ಓಡಿಲ್ಲ," ಅಂದಳು.

"ಗಾಳಿ ಭಾಳ ಇತ್ತು."

"ಗಾಳಿ ಫಣಿ ಬಡೀತೈತೇನ್ರಿ?"

ಅವಳು ಬೆರಳನ್ನು ಆ ಗೆರೆಯ ಮೇಲೆಯೇ ಇಟ್ಟುಕೊಂಡು ಗವಾಕ್ಷಿಯ ಕಡೆ ನೋಡಿದಳು, ಆಮೇಲೆ ಅವನನ್ನು. ಎಷ್ಟು ಹೊತ್ತು ಕದ್ದು ಕೇಳಿದ್ದಾನೆಂದು ಗಡಿಯಾರಕ್ಕಿಂತ ನಿಖರವಾಗಿ ಅವಳ ಬೆರಳಿಗೆ ಗೊತ್ತಾಗಿತ್ತು. "ಪೂರಾ ಕೇಳೀರಿ ಹಂಗಾರ," ಅಂದಳು. ಬೈಯಬಹುದಿತ್ತು, ಅಳಬಹುದಿತ್ತು, ಅವನು ಎರಡಕ್ಕೂ ತಯಾರಾಗಿದ್ದ. ಅವಳು ಮಾಡಿದ್ದಿಷ್ಟೇ, ಸೆರಗಿನಿಂದ ಗೆರೆಯ ಮೇಲಿನ ಧೂಳು ಒರೆಸಿದಳು. "ಬಿಚ್ಚಿ ಮತ್ತ ನೇಯ್ರಿ. ಸಾವಕಾರ ತಗೊಳ್ಳೂದಿಲ್ಲ."

ಬಿಚ್ಚುವುದು ಅರ್ಧ ತಾಸಿನ ಕೆಲಸ. ಶಂಕರಲಿಂಗಪ್ಪ ಬೆರಳು ಇಟ್ಟ. ತೆಗೆದ. "ಇರ್ಲಿ," ಅಂದ.

ಮರುದಿನ ಮುಂಜಾನೆ ಅವನು ರಾಟಿಯ ಮುಂದೆ ಕೂತ. ಕಂಡಿಕೆ ಸುತ್ತುವುದೆಂದರೆ ಕೂಸಿನ ಆಟವೆಂದು ತಿಳಿದಿದ್ದ. ಮೊದಲನೆಯದು ಸಡಿಲಾಗಿ ಕಳಚಿ ಮಡಿಲಿಗೆ ಬಿತ್ತು. ಎರಡನೆಯದು ನಡುವೆ ಉಬ್ಬಿ ಬಸುರಿಯ ಹಾಗಾಯಿತು. ಐದನೆಯದು ಕಂಡಿಕೆಯಂತೆ ಕಾಣುವಷ್ಟರಲ್ಲಿ ಅವನಿಗೆ ಬೇರೆಯೇ ಒಂದು ಸಂಗತಿ ತಿಳಿಯತೊಡಗಿತ್ತು. ಮಗ್ಗದಲ್ಲಿ ಕಾಲಿಗೆ ಕುಣಿ ಇದೆ. ರಾಟಿಯ ಮುಂದೆ ಇಲ್ಲ. ಒಂದು ಕಾಲು ಮಡಚಿ, ಒಂದು ಚಾಚಿ, ಬಲಗೈ ರಾಟಿಗೆ ಎಡಗೈ ನೂಲಿಗೆ ಕೊಟ್ಟು, ಮೈಯನ್ನು ಹಿಂಡಿದ ಬಟ್ಟೆಯಂತೆ ತಿರುವಿಕೊಂಡು ಕೂರಬೇಕು. ಒಂದು ತಾಸಿಗೆ ಅವನ ಟೊಂಕದ ಬಲಗಡೆ, ಅಪ್ಪನ ಬೇನೆ ಎಂದೂ ಮುಟ್ಟದ ಜಾಗದಲ್ಲಿ, ಒಂದು ಹೊಸ ನೋವು ಕಣ್ಣು ಬಿಟ್ಟಿತು. ಹೆಂಡತಿಯ ನೋವಿನ ಮನೆ ಇದೇ ಇರಬೇಕು ಎಂದುಕೊಂಡ. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಆ ಓಣಿಗೆ ತಾನು ಕಾಲಿಟ್ಟಿರಲಿಲ್ಲ. ಬಸಯ್ಯ ಬಾಗಿಲಲ್ಲಿ ಇಣುಕಿದ. "ಏನಲೇ, ಹೆಂಡ್ತಿ ಬಿಟ್ಟ ಹೋದ್ಲೇನ?" "ಇಲ್ಲೋ, ಹೋಗಲಿ ಅಂತ ಸುತ್ತಾಕತ್ತೇನಿ," ಎಂದ ಶಂಕರಲಿಂಗಪ್ಪ. "ನಿನ್ನ ಹೆಂಡ್ತಿ ಟೊಂಕಾನೂ ಒಮ್ಮೆ ಕೇಳಿ ನೋಡು." ಬಸಯ್ಯ ಏನೋ ಗಾದೆ ಹೇಳಲು ಬಾಯಿ ತೆರೆದವನು, ಗೆಳೆಯನ ಮುಖ ನೋಡಿ, ಹಾಗೆಯೇ ಮುಚ್ಚಿಕೊಂಡು ಹೋದ.

ಆರು ದಿನ ಹಾಗೆ. ಮುಂಜಾನೆ ಸುತ್ತುವುದು, ಹಗಲು ನೇಯುವುದು. ಸುತ್ತಿದ್ದರಲ್ಲಿ ನಾಲ್ಕಕ್ಕೊಂದನ್ನು ಗುರುಲಿಂಗವ್ವ ಮಾತಿಲ್ಲದೆ ಬಿಚ್ಚಿ ಮತ್ತೆ ಸುತ್ತುತ್ತಿದ್ದಳು. ಒಂದು ಮಧ್ಯಾಹ್ನ ಅವನು ಹೆಂಡತಿಯ ಟೊಂಕಕ್ಕೆಂದು ಉಪ್ಪು ಬಿಸಿ ಮಾಡಲು ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ಸಿಗದೆ ಎಲ್ಲ ಡಬ್ಬಿಗಳ ಮುಚ್ಚಳ ತೆಗೆದು, ಕೊನೆಗೆ ಸಕ್ಕರೆಯನ್ನೇ ಬಾಣಲೆಗೆ ಸುರಿದ. ಮನೆ ತುಂಬ ಕರಕಲು ಬೆಲ್ಲದ ವಾಸನೆ. ಅವಳು ಬಂದು ನೋಡಿ, ಬಾಗಿಲ ಚೌಕಟ್ಟು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಷ್ಟು ನಕ್ಕದ್ದಕ್ಕೆ ಟೊಂಕ ಹಿಡಿಯಿತು, "ಯವ್ವಾ" ಅಂದಳು. ಆ "ಯವ್ವಾ" ಮನೆಯೊಳಗೆ ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು. "ಹಲಗಿ ಮ್ಯಾಲ ಮಲಗ ಬಾ," ಅಂದ ಅವನು. ಒಲ್ಲೆ ಅಂದಳು, ಅತ್ತೆ ಮಾವ ನೋಡುತ್ತಾರೆಂದು ಗೋಡೆಯ ಫೋಟೋ ತೋರಿಸಿದಳು. ಅವನು ಎದ್ದು ಫೋಟೋದ ಮುಂದೆ ಕೊಡೆ ನೇತುಹಾಕಿದ. ಆಗ ಮಲಗಿದಳು. ಮೊದಲು ತುದಿಯಲ್ಲಿ, ಬಸ್ಸಿನಲ್ಲಿ ಪರರ ಸೀಟಿನಲ್ಲಿ ಕೂತವರಂತೆ. ನಿಧಾನಕ್ಕೆ ಮೈ ಬಿಟ್ಟಳು. ಸರಿಯಾದ ಉಪ್ಪಿನ ಗಂಟು ಸಿಕ್ಕಿತ್ತು ಅಷ್ಟರಲ್ಲಿ. ಇಟ್ಟ. ಹಿತ್ತಲ ಬಾಗಿಲಲ್ಲಿ ಯಾರೋ ಹೆಂಗಸು ಮೆಲ್ಲಗೆ ಚಿಲಕ ಬಡಿದಾಗ ಅವನೇ ಹೋಗಿ ಹೇಳಿದ: "ನಾಳೆ ಬರ್ರಿ. ಆಕಿ ಮಲಗ್ಯಾಳ."

ಸೀರೆ ಮಗ್ಗದಿಂದ ಇಳಿಯಿತು. ಸಾವಕಾರನಿಗೆ ಇನ್ನೊಂದು ನೇಯ್ದು ಕೊಡುತ್ತೇನೆಂದು ಹೇಳಿ ಕಳಿಸಿದ. ಗುರುಲಿಂಗವ್ವ ಆ ಸೀರೆಯನ್ನು ಉಟ್ಟು, ದಪ್ಪ ಗೆರೆ ಎಲ್ಲಿ ಬರುತ್ತದೆಂದು ತಿರುಗಿಸಿ ತಿರುಗಿಸಿ ನೋಡಿದಳು. ಅದು ಸರಿಯಾಗಿ ಟೊಂಕದ ಮೇಲೆ ಬಂದು ಕೂತಿತು. "ಮುಚ್ಚಿ ಉಡಲೇನ್ರಿ?" "ಹಂಗ ಇರ್ಲಿ." ಅಕ್ಕನ ಊರಿನ ಬಸ್ಸಿಗೆ ಇನ್ನೂ ಹೊತ್ತು ಇತ್ತು. ಹೊತ್ತು ಆಗಷ್ಟೇ ಹುಟ್ಟಿ ಓಣಿಯಲ್ಲಿ ನೀರು ತುಂಬುವವರು, ಹಾಲು ಹಾಕುವವರು ಓಡಾಡುತ್ತಿದ್ದರು. ಶಂಕರಲಿಂಗಪ್ಪ ಹೊರಗಿನ ಕಟ್ಟೆಯ ಮೇಲೆ, ಎಲ್ಲರ ಕಣ್ಣೆದುರು, ಬೋರಲು ಮಲಗಿದ.

"ಏನ್ರೀ ಇದು, ಏಳ್ರಿ!"

"ಹೋಗೂಕಿಂತ ಮೊದಲ ನಂದೊಂದು ತುಳದ ಹೋಗು."

"ನಿಮ್ಮವ್ವ ಬ್ಯಾಡ ಅಂದಾಳ."

"ಅವ್ವನ ಟೊಂಕ ಯಾರೂ ತುಳೀಲಿಲ್ಲ. ಅದಕ್ಕ ಹಂಗಂದ್ಲು."

ಅವಳು ಎಡಗಾಲಿನ ಚಪ್ಪಲಿ ಬಿಟ್ಟಳು. ನೀರಿನವರು, ಹಾಲಿನವರು, ಬಸಯ್ಯ, ಕಾಸಿಂಬಿ ಎಲ್ಲರೂ ನಿಂತರು. ಹಿಮ್ಮಡಿ ಒಮ್ಮೆ ಒತ್ತಿತು, ಎರಡನೆಯ ಸಲ ಒತ್ತಿತು. ಅಷ್ಟು ವರ್ಷ ಊರಿಗೆಲ್ಲ ಸಿಕ್ಕಿದ್ದು ತನಗೆ ಎಷ್ಟು ಹಗುರವಾಗಿ ಬಂತು ಎಂದುಕೊಂಡು ಅವನು ಮೂರನೆಯದಕ್ಕೆ ಕಾದ. ಬರಲಿಲ್ಲ. "ಮೂರೂ ಒತ್ತಿ ಪೂರಾ ಗುಣಾ ಆಗಿಬಿಟ್ರ, ಆ ಹಲಗಿ ಏನ ಮಾಡೂದು?" ಅಂದಳು ಅವಳು. "ಉಳದದ್ದೊಂದು ನಾ ತಿರುಗಿ ಬಂದ ಮ್ಯಾಲ." ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಬಗ್ಗುವವಳಿದ್ದಳು. ಬಗ್ಗಬೇಡ, ಟೊಂಕ ಹಿಡಿಯುತ್ತದೆ, ಅಂದ ಅವನು ಮಲಗಿದಲ್ಲಿಂದಲೇ. ಬಗ್ಗಲಿಲ್ಲ.

ನಾಗರ ಪಂಚಮಿಗೆ ಇನ್ನು ಮೂರು ದಿನ ಇರುವಾಗ, ಮಂಗಳವಾರ, ಬಾದಾಮಿ ಬಸ್ಸಿಗೆ ಗುರುಲಿಂಗವ್ವ ಚೊಳಚಗುಡ್ಡಕ್ಕೆ ಹೋದಳು.